ವೇಳಾಪಟ್ಟಿ ಓದುವವರು ಬೇಕಾಗಿದ್ದಾರೆ



ಎಂಜಿನಿಯರಿಂಗ್ ವಿಷಯದ ದತ್ತಿ ಉಪನ್ಯಾಸವೆಂದರೆ ಅಣೆಕಟ್ಟು, ಸೇತುವೆ, ಸುರಂಗ ಇಂಥ ಘನವಾದ ಸಂಗತಿಗಳನ್ನು ನಿರೀಕ್ಷಿಸಿ ಬಂದವರು ಇಲ್ಲಿರಬಹುದು. ನಾನು ಆರಿಸಿಕೊಂಡಿರುವುದು ಕಟ್ಟಡ ಎದ್ದು ನಿಂತ ಮೇಲೆ ಯಾರ ಕಣ್ಣಿಗೂ ಬೀಳದ ಒಂದು ಕಸುಬು. ಕಾಮಗಾರಿಯ ವೇಳಾಪಟ್ಟಿ ತಯಾರಿಸುವ ಸಾಫ್ಟ್‌ವೇರ್‌ಗಳ ತರಬೇತಿ ಮತ್ತು ಆ ತರಬೇತಿಯ ಕೊನೆಗೆ ಕೈಗೆ ಬರುವ ಪ್ರಮಾಣಪತ್ರ ಇಂದಿನ ವಿಷಯ. ಪಾಲಿಟೆಕ್ನಿಕ್ಕಿಗೆ ಹೋಗಲಿ, ಎಂಜಿನಿಯರಿಂಗ್ ಕಾಲೇಜಿಗೆ ಹೋಗಲಿ, ಸಿವಿಲ್ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಸರ್, ಪ್ರಿಮವೆರಾ ಮಾಡಲಾ, ಎಂಎಸ್ ಪ್ರಾಜೆಕ್ಟ್ ಮಾಡಲಾ? ಯಾವ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ?” ಈ ಪ್ರಶ್ನೆಯ ಹಿಂದೆ ಅಪ್ಪ ಅಮ್ಮ ಕೂಡಿಟ್ಟ ಹಣವಿದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಹುಡುಗರಿಗೆ ದುಬೈ, ದೋಹಾ, ದಮ್ಮಾಮಿನ ನೌಕರಿಯ ಆಸೆಯೂ ಇದೆ. ಹಾಗಾಗಿ ಇದಕ್ಕೆ ಹಾರಿಕೆಯ ಉತ್ತರ ಕೊಡುವುದು ಸರಿಯಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿ, ಉಳಿದ ಹೊತ್ತಿನಲ್ಲಿ ಅದಕ್ಕೆ ಕಾರಣ ಕೊಡುತ್ತೇನೆ. ಪ್ರಮಾಣಪತ್ರದ ಬೆಲೆ ನಿಂತಿರುವುದು ವೇಳಾಪಟ್ಟಿಯನ್ನು ಪಡೆದುಕೊಳ್ಳುವವರ ಮೇಲೆ. ಇಲಾಖೆಯ ಎಂಜಿನಿಯರು, ಯೋಜನೆಯ ಮಾಲೀಕ, ಸಾಲ ಕೊಟ್ಟ ಬ್ಯಾಂಕು, ಇವರಿಗೆ ವೇಳಾಪಟ್ಟಿ ಓದಲು ಬಂದರೆ ಅದನ್ನು ಚೆನ್ನಾಗಿ ಬರೆಯುವವನಿಗೆ ಬೆಲೆ ಬರುತ್ತದೆ. ಓದಲು ಬಾರದಿದ್ದರೆ ಕಾಗದವನ್ನೇ ನೋಡಿ ಆಳನ್ನು ಅಳೆಯಬೇಕಾಗುತ್ತದೆ, ಆಗ ಯಾವ ಕಾಗದವಾದರೂ ನಡೆಯುತ್ತದೆ. ನಮ್ಮಲ್ಲಿ ಬರೆಯುವವರನ್ನು ತಯಾರಿಸುವ ತರಗತಿಗಳು ಬೇಕಾದಷ್ಟಿವೆ. ಓದುವವರನ್ನು ತಯಾರಿಸುವ ತರಗತಿ ಇಲ್ಲವೆನ್ನುವಷ್ಟು ಕಡಿಮೆ.

1. ಪೆನ್ಸಿಲಿನ ವಿದ್ಯೆ, ಕಂಪ್ಯೂಟರಿನ ವಿದ್ಯೆ

ಕೆಲಸಗಳನ್ನು ಅಡ್ಡಪಟ್ಟಿಗಳಾಗಿ ಬರೆದು ಕಾಲದ ಅಳತೆಯ ಮೇಲೆ ಜೋಡಿಸುವ ಪದ್ಧತಿಗೆ ಅಮೆರಿಕದ ಹೆನ್ರಿ ಗ್ಯಾಂಟ್‌ನ ಹೆಸರು ಅಂಟಿಕೊಂಡಿದೆ. ಅದು 1910ರ ದಶಕದ ಮಾತು. ಅವನಿಗಿಂತ ಮೊದಲೇ, 1896ರಲ್ಲಿ, ಪೋಲೆಂಡಿನ ಎಂಜಿನಿಯರ್ ಕರೋಲ್ ಆಡಮೆಟ್ಸ್ಕಿ ಇಂಥದೇ ಒಂದು ನಕ್ಷೆಯನ್ನು ರೂಪಿಸಿದ್ದ. ನಮ್ಮ ಸೈಟ್ ಆಫೀಸುಗಳ ಗೋಡೆಯ ಮೇಲೆ ಇವತ್ತಿಗೂ ತೂಗುವ ಬಾರ್ ಚಾರ್ಟ್ ಈ ವಂಶದ್ದು. ಯಾವ ಕೆಲಸ ಯಾವಾಗ ಎಂಬುದನ್ನು ಅದು ಹೇಳುತ್ತದೆ. ಆಗಲೇ ಏಕೆ ಆಗಬೇಕು, ತಡವಾದರೆ ಯಾವ ಕೆಲಸಕ್ಕೆ ಪೆಟ್ಟು ಎಂಬುದನ್ನು ಹೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಿದ್ದು 1956–57ರ ಸುಮಾರಿಗೆ, ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ. ಆ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ, ಯೂನಿವ್ಯಾಕ್ ಕಂಪ್ಯೂಟರಿನ ಮೇಲೆ ಕ್ರಿಟಿಕಲ್ ಪಾತ್ ವಿಧಾನವನ್ನು ಬೆಳೆಸಿದರು. ಲೂಯಿವಿಲ್‌ನ ಕಾರ್ಖಾನೆಯಲ್ಲಿ ದುರಸ್ತಿಗಾಗಿ ಯಂತ್ರ ನಿಲ್ಲಿಸುವ ಅವಧಿ ಈ ವಿಧಾನದಿಂದ ಸರಾಸರಿ 125 ಗಂಟೆಯಿಂದ 93 ಗಂಟೆಗೆ ಇಳಿಯಿತು. ಎಲ್ಲ ಕೆಲಸವನ್ನೂ ಅವಸರದಲ್ಲಿ ಮಾಡಿದ್ದರಿಂದ ಉಳಿದ ಹೊತ್ತಲ್ಲ ಇದು. ಯಾವ ಸಾಲಿನ ಕೆಲಸಗಳು ಕೊನೆಯ ಗಂಟೆಯನ್ನು ನಿರ್ಧರಿಸುತ್ತವೆ ಎಂದು ಗೊತ್ತಾದ ಮೇಲೆ ಆ ಸಾಲಿನ ಮೇಲಷ್ಟೇ ಕಣ್ಣಿಟ್ಟರು. ಅದೇ ಕಾಲದಲ್ಲಿ, 1958ರ ಹೊತ್ತಿಗೆ, ಅಮೆರಿಕದ ನೌಕಾದಳ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ವಿಧಾನವನ್ನು ರೂಪಿಸಿತು. ಪ್ರತಿ ಕೆಲಸಕ್ಕೂ ಎಲ್ಲ ಸಲೀಸಾಗಿ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೈಕೊಟ್ಟರೆ ಎಷ್ಟು ಎಂಬ ಮೂರು ಅಂದಾಜು ಕೇಳುವುದು ಅದರ ಕ್ರಮ. ಮಧ್ಯದ ಅಂದಾಜಿಗೆ ನಾಲ್ಕು ಪಾಲು ತೂಕ ಕೊಟ್ಟು, ಮೂರನ್ನೂ ಕೂಡಿ ಆರರಿಂದ ಭಾಗಿಸುವುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾರೆ.

ಜೇಮ್ಸ್ ಕೆಲ್ಲಿ ಮುಂದೆ ಜಾನ್ ಮೌಚ್ಲಿಯ ಸಂಸ್ಥೆ ಸೇರಿದ. ಎನಿಯಾಕ್ ಕಂಪ್ಯೂಟರನ್ನು ಕಟ್ಟಿದ ಇಬ್ಬರಲ್ಲಿ ಒಬ್ಬ ಈ ಮೌಚ್ಲಿ. ಅವರ ಸಂಸ್ಥೆ ಕ್ರಿಟಿಕಲ್ ಪಾತ್ ವಿಧಾನವನ್ನು ಕಂಪನಿಗಳಿಗೆ ಕಲಿಸುವುದನ್ನೇ ಕಸುಬಾಗಿಸಿಕೊಂಡಿತು. ಅಂದರೆ ವೇಳಾಪಟ್ಟಿಯ ತರಬೇತಿ ಎಂಬ ವ್ಯಾಪಾರಕ್ಕೆ ಆ ವಿದ್ಯೆಯಷ್ಟೇ ವಯಸ್ಸಾಗಿದೆ. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫೊಂಡಾಲ್ ಇದಕ್ಕೆ ಪ್ರತಿಯಾಗಿ ಎಂಬಂತೆ ಒಂದು ವರದಿ ಬರೆದರು. ಕಂಪ್ಯೂಟರ್ ಇಲ್ಲದೆ, ಕಾಗದ ಪೆನ್ಸಿಲಿನಲ್ಲೇ ಕಟ್ಟಡದ ಗುತ್ತಿಗೆದಾರ ಈ ಲೆಕ್ಕ ಮಾಡುವುದು ಹೇಗೆಂದು ತೋರಿಸುವುದು ಅದರ ಉದ್ದೇಶ. ಇಂದಿನ ಸಾಫ್ಟ್‌ವೇರ್‌ಗಳೆಲ್ಲ ಬಳಸುವ ಚೌಕ ಮತ್ತು ಬಾಣದ ನಕ್ಷೆಗೆ ಮೂಲ ಅವರ ಆ ಪೆನ್ಸಿಲ್ ಪಾಠ.

1983ರಲ್ಲಿ ಪ್ರಿಮವೆರಾ ಸಿಸ್ಟಮ್ಸ್ ಕಂಪನಿ ಹುಟ್ಟಿತು, 1984ರಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಡಾಸ್ ಆವೃತ್ತಿ ಬಂತು. ಲೆಕ್ಕ ಮೇಜಿನ ಮೇಲಿಳಿಯಿತು. 2008ರಲ್ಲಿ ಪ್ರಿಮವೆರಾವನ್ನು ಒರಾಕಲ್ ಕೊಂಡಿತು. ಸಾವಿರಾರು ಕೆಲಸಗಳ ಕೂಡು ಕಳೆ ಈಗ ಒಂದು ಕೀಲಿ ಒತ್ತಿದರೆ ಮುಗಿಯುತ್ತದೆ. ಲೆಕ್ಕದ ಶ್ರಮ ಇಲ್ಲವಾದ ಮೇಲೆ ಉಳಿಯಬೇಕಾಗಿದ್ದು ವಿವೇಚನೆಯ ಪಾಠ: ಯಾವ ಕೆಲಸದ ನಂತರ ಯಾವುದು, ಏಕೆ, ಎಷ್ಟು ದಿನ, ಯಾರಿಂದ. ಆಗಿದ್ದು ಬೇರೆ. ತರಗತಿಗಳು ಕೀಲಿ ಯಾವುದೆಂದು ಹೇಳಿಕೊಡುವುದರಲ್ಲಿ ತೊಡಗಿದವು.

2. ಒಂದು ಹಳ್ಳದ ಸೇತುವೆ

ವಿವೇಚನೆ ಎಂದು ನಾನು ಹೇಳುವುದು ಏನೆಂಬುದನ್ನು ಒಂದು ಚಿಕ್ಕ ಲೆಕ್ಕದಲ್ಲಿ ತೋರಿಸುತ್ತೇನೆ. ಮಲೆನಾಡಿನ ಒಂದು ಹಳ್ಳಕ್ಕೆ ಸೇತುವೆ ಕಟ್ಟಬೇಕು. ಅಡಿಪಾಯಕ್ಕೆ 40 ದಿನ, ಅದರ ಮೇಲೆ ಕಂಬಗಳಿಗೆ 30 ದಿನ. ದಡದ ಮೇಲೆ ಮೊದಲ ದಿನದಿಂದಲೇ ಗರ್ಡರ್ ಎರಕದ ಅಂಗಳ ಸಿದ್ಧಮಾಡಲು 15 ದಿನ, ಗರ್ಡರ್ ಎರಕ ಹೊಯ್ದು ಕ್ಯೂರಿಂಗ್ ಮುಗಿಸಲು 45 ದಿನ. ಕಂಬವೂ ಗರ್ಡರೂ ಸಿದ್ಧವಾದ ಮೇಲೆ ಏರಿಸಿ ಕೂರಿಸಲು 10 ದಿನ, ಡೆಕ್ ಸ್ಲ್ಯಾಬಿಗೆ 25 ದಿನ. ಹಳ್ಳದೊಳಗಿನ ಸಾಲು 70 ದಿನ, ದಡದ ಸಾಲು 60 ದಿನ. ಒಟ್ಟು ಕಾಮಗಾರಿ 105 ದಿನ. ದಡದ ಸಾಲಿಗೆ 10 ದಿನದ ಬಿಡುವಿದೆ, ಇದನ್ನೇ ಸೈಟಿನಲ್ಲಿ ಫ್ಲೋಟ್ ಎನ್ನುತ್ತಾರೆ.

ಗರ್ಡರಿನ ಉಕ್ಕು 8 ದಿನ ತಡವಾಗಿ ಬಂತೆನ್ನಿ. ಸೇತುವೆಯ ಕೊನೆಯ ದಿನ ಕದಲುವುದಿಲ್ಲ. 12 ದಿನ ತಡವಾದರೆ ಒಟ್ಟು 107 ದಿನವಾಗುತ್ತದೆ, ಅಷ್ಟೇ ಅಲ್ಲ, ಕ್ರಿಟಿಕಲ್ ಪಾತ್ ಹಳ್ಳದಿಂದ ದಡಕ್ಕೆ ಹಾರುತ್ತದೆ. ಆವರೆಗೆ ಅಡಿಪಾಯದ ಗುಂಪಿನ ಬೆನ್ನು ಬಿದ್ದಿದ್ದ ಮೇಲಧಿಕಾರಿ ಈಗ ಎರಕದ ಅಂಗಳಕ್ಕೆ ಹೋಗಬೇಕು. ಇದನ್ನು ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ.

ಕಂಪ್ಯೂಟರ್ ತಾನಾಗಿ ಹೇಳದ ಒಂದು ಸಂಗತಿಯೂ ಇದೆ. ಫೆಬ್ರವರಿ 1ರಂದು ಕೆಲಸ ಶುರುವಾದರೆ ಈ 105 ದಿನ ಮೇ 16ಕ್ಕೆ ಮುಗಿಯುತ್ತವೆ. ಟೆಂಡರ್ ಕಡತ ತಿಂಗಳು ತಡವಾಗಿ ಮಾರ್ಚ್ 1ಕ್ಕೆ ಶುರುವಾದರೆ ಕೊನೆಯ ದಿನ ಜೂನ್ 13. ಡೆಕ್ ಸ್ಲ್ಯಾಬಿನ 25 ದಿನ ಮೇ 20ರಿಂದ ಆ ದಿನದವರೆಗೆ ಬೀಳುತ್ತವೆ, ಅಂದರೆ ಮುಂಗಾರು ಘಟ್ಟ ಹತ್ತುವ ಹೊತ್ತಿಗೆ ಸರಿಯಾಗಿ ನಾವು ಕಾಂಕ್ರೀಟು ಹೊಯ್ಯುತ್ತಿರುತ್ತೇವೆ. ಮಳೆಗಾಲದ ಕ್ಯಾಲೆಂಡರನ್ನು ಯಾರೂ ಸಾಫ್ಟ್‌ವೇರಿಗೆ ತಿಳಿಸದಿದ್ದರೆ ಅದು ಜೂನ್ 13 ಎಂದೇ ಅಚ್ಚು ಹಾಕಿ ಕೊಡುತ್ತದೆ. ಕಡತದಲ್ಲಿ ಕಳೆದ ಒಂದು ತಿಂಗಳು ನೆಲದ ಮೇಲೆ ನಾಲ್ಕೈದು ತಿಂಗಳಾಗಿ, ಸೇತುವೆ ಅಕ್ಟೋಬರಿಗೆ ಹೋಗಿ ನಿಲ್ಲುವ ಸಾಧ್ಯತೆಯನ್ನು ಕಾಣಬೇಕಾದವನು ಮನುಷ್ಯ.

ಕ್ಯಾಲೆಂಡರ್ ಎಂಬುದು ಎಲ್ಲ ಕಡೆಯೂ ಸ್ಥಳೀಯ ವಿದ್ಯೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಬಿಸಿಲಿಗೆ ಕೆಲಸ ಮಾಡಿಸುವಂತಿಲ್ಲ. ರಂಜಾನ್ ತಿಂಗಳಲ್ಲಿ ಕೆಲಸದ ಅವಧಿ ದಿನಕ್ಕೆ ಎರಡು ಗಂಟೆ ಕಡಿಮೆ. 2022ರ ಜನವರಿಯಿಂದ ಅಲ್ಲಿನ ಸರ್ಕಾರಿ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಬೆಂಗಳೂರಿನ ತರಗತಿಯಲ್ಲಿ ಅಮೆರಿಕದ ಎಂಟು ಗಂಟೆ, ಐದು ದಿನದ ಮಾದರಿ ಕ್ಯಾಲೆಂಡರಿನಲ್ಲೇ ಅಭ್ಯಾಸ ಮಾಡಿದ ಹುಡುಗ ಅಲ್ಲಿಗೆ ಹೋದಾಗ ಅವನ ಪ್ರಮಾಣಪತ್ರಕ್ಕೆ ಇದ್ಯಾವುದೂ ಗೊತ್ತಿರುವುದಿಲ್ಲ.

3. ಪರದೆಯ ಮೇಲಿನ ಬಲೆಗಳು

ಸಾಫ್ಟ್‌ವೇರ್ ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿಯೇ ಕಲಿಯಬೇಕು, ಏಕೆಂದರೆ ಅರೆಬರೆ ಕಲಿತವನಿಗೆ ಅದರಲ್ಲಿ ಬಲೆಗಳಿವೆ.

ಎಂಎಸ್ ಪ್ರಾಜೆಕ್ಟಿನಲ್ಲಿ ಹೊಸಬರು ಮೊದಲು ಮಾಡುವ ಕೆಲಸ ಪ್ರಾರಂಭದ ದಿನಾಂಕವನ್ನು ಟೈಪ್ ಮಾಡುವುದು. ಹಾಗೆ ಮಾಡಿದೊಡನೆ ಸಾಫ್ಟ್‌ವೇರ್ ಸದ್ದಿಲ್ಲದೆ ‘ಈ ದಿನಕ್ಕಿಂತ ಮೊದಲು ಶುರುವಾಗಬಾರದು’ ಎಂಬ ಕಟ್ಟನ್ನು ಹಾಕಿಬಿಡುತ್ತದೆ. ಹಿಂದಿನ ಕೆಲಸ ಬೇಗ ಮುಗಿದರೂ ಮುಂದಿನದು ಕದಲುವುದಿಲ್ಲ. 2010ರ ಆವೃತ್ತಿಯಿಂದ ‘ಮ್ಯಾನುಯಲ್’ ಎಂಬ ಇನ್ನೊಂದು ಬಗೆಯೂ ಸೇರಿಕೊಂಡಿತು. ಅದರಲ್ಲಿ ಬಿಟ್ಟ ಕೆಲಸಗಳಿಗೆ ಲೆಕ್ಕ ಅನ್ವಯಿಸುವುದೇ ಇಲ್ಲ, ನೀವು ಬರೆದ ದಿನಾಂಕ ಹಾಗೆಯೇ ಕೂತಿರುತ್ತದೆ. ನೋಡಲು ಬಣ್ಣದ ಬಾರ್ ಚಾರ್ಟ್, ಒಳಗೆ ಗೋಡೆಗೆ ಬರೆದ ಸುಣ್ಣದ ಗೀಟಿಗಿಂತ ಹೆಚ್ಚೇನೂ ಇರುವುದಿಲ್ಲ.

ಪ್ರಿಮವೆರಾ ಪಿ6ನಲ್ಲಿ ಎಫ್9 ಒತ್ತಿದರೆ ಲೆಕ್ಕ ನಡೆಯುತ್ತದೆ. ಒತ್ತುವ ಮೊದಲು ಡೇಟಾ ಡೇಟ್ ಎಲ್ಲಿದೆ ಎಂದು ನೋಡಬೇಕು. ಆ ದಿನದವರೆಗೆ ಆದದ್ದು, ಆಮೇಲೆ ಆಗಬೇಕಾದದ್ದು ಎಂಬ ಗಡಿ ಅದು. ಒಂದು ಕೆಲಸ ತನ್ನ ಸರದಿಗೂ ಮೊದಲೇ ಶುರುವಾಗಿಬಿಟ್ಟಿದ್ದರೆ ಉಳಿದ ಭಾಗವನ್ನು ಹೇಗೆ ಲೆಕ್ಕ ಹಾಕಬೇಕು? ರಿಟೇನ್ಡ್ ಲಾಜಿಕ್ ಆರಿಸಿದರೆ ಹಿಂದಿನ ಕೆಲಸ ಮುಗಿಯುವವರೆಗೆ ಉಳಿದದ್ದು ಕಾಯುತ್ತದೆ. ಪ್ರೊಗ್ರೆಸ್ ಓವರ್‌ರೈಡ್ ಆರಿಸಿದರೆ ಕಾಯದೆ ಮುಂದುವರಿಯುತ್ತದೆ. ಅದೇ ಫೈಲು, ಅದೇ ಪ್ರಗತಿ, ಆದರೆ ಈ ಒಂದು ಆಯ್ಕೆಯಿಂದ ಯೋಜನೆಯ ಕೊನೆಯ ದಿನ ತಿಂಗಳುಗಟ್ಟಲೆ ಆಚೀಚೆ ಆಗಬಲ್ಲದು. ಲೆಕ್ಕ ಮುಗಿದ ಮೇಲೆ ಪಿ6 ಒಂದು ಶೆಡ್ಯೂಲ್ ಲಾಗ್ ಕೊಡುತ್ತದೆ. ಯಾವ ಆಯ್ಕೆ ಬಳಸಿದೆ, ಹಿಂದೂ ಮುಂದೂ ಕೊಂಡಿಯಿಲ್ಲದೆ ತೂಗಾಡುವ ಕೆಲಸಗಳು ಯಾವುವು, ಎಲ್ಲವೂ ಅದರಲ್ಲಿರುತ್ತವೆ. ಬಾರ್ ಚಾರ್ಟಿನ ಬಣ್ಣದ ಪ್ರಿಂಟು ಕೇಳುವ ಗ್ರಾಹಕರು ಅನೇಕರು, ಈ ಲಾಗ್ ಕೇಳುವವರು ವಿರಳ.

ಲಾಗ್ ಕೇಳುವವರು ಹೇಗಿರುತ್ತಾರೆ ಎಂಬುದಕ್ಕೆ ಅಮೆರಿಕದ ರಕ್ಷಣಾ ಗುತ್ತಿಗೆಗಳನ್ನು ನೋಡಿಕೊಳ್ಳುವ ಡಿಸಿಎಂಎ ಸಂಸ್ಥೆ ಉದಾಹರಣೆ. ಗುತ್ತಿಗೆದಾರರು ಕೊಟ್ಟ ವೇಳಾಪಟ್ಟಿಯನ್ನು ಅದು 14 ಅಂಶಗಳಿಂದ ತಪಾಸಣೆ ಮಾಡುತ್ತದೆ. ಕೊಂಡಿ ತಪ್ಪಿದ ಕೆಲಸಗಳು ಶೇ 5 ದಾಟಬಾರದು. ಸಂಬಂಧಗಳಲ್ಲಿ ಕನಿಷ್ಠ ಶೇ 90 ‘ಇದು ಮುಗಿದ ಮೇಲೆ ಅದು’ ಎಂಬ ನೇರ ಬಗೆಯವಾಗಿರಬೇಕು. 44 ಕೆಲಸದ ದಿನಗಳಿಗಿಂತ ಉದ್ದದ ಚಟುವಟಿಕೆಗಳು ಶೇ 5 ಮೀರಬಾರದು, ಅಷ್ಟಕ್ಕಿಂತ ಹೆಚ್ಚು ಫ್ಲೋಟ್ ಇರುವವೂ ಅಷ್ಟೇ. ಋಣ ಫ್ಲೋಟ್ ಇರಲೇಬಾರದು. ಈ ಅಂಕಿಗಳನ್ನು ಕಣ್ಣುಮುಚ್ಚಿ ನಮ್ಮ ರಸ್ತೆ ಕಾಮಗಾರಿಗೆ ಹೊಂದಿಸಬೇಕಾಗಿಲ್ಲ. ಆದರೆ ಕಾಂಕ್ರೀಟಿಗೆ ಮಾಡುವಂತೆ ವೇಳಾಪಟ್ಟಿಗೂ ಕ್ಯೂಬ್ ಟೆಸ್ಟ್ ಮಾಡಬಹುದು, ಗ್ರಾಹಕನೇ ಅದನ್ನು ಮಾಡಬೇಕು ಎಂಬ ಪಾಠ ಅದರಲ್ಲಿದೆ.

4. ಸರ್ಟಿಫಿಕೇಟುಗಳಲ್ಲಿ ಎಷ್ಟು ಬಗೆ

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ನೇರವಾಗಿ ಬರೋಣ. ಮಾರುಕಟ್ಟೆಯಲ್ಲಿ ಮೂರು ಬಗೆಯ ಕಾಗದಗಳಿವೆ.

ಮೊದಲನೆಯದು ತರಬೇತಿ ಕೇಂದ್ರದ್ದು. ಇಷ್ಟು ಗಂಟೆ ತರಗತಿಗೆ ಬಂದಿದ್ದಾನೆ ಎಂಬುದಕ್ಕೆ ಅದು ಸಾಕ್ಷಿ. ಕಲಿಸಿದವರು ಒಳ್ಳೆಯವರಾಗಿದ್ದರೆ ವಿದ್ಯೆ ನಿಮ್ಮಲ್ಲಿ ಉಳಿದಿರುತ್ತದೆ, ಆದರೆ ಕಾಗದ ಅದನ್ನು ಹೇಳಲಾರದು.

ಎರಡನೆಯದು ಸಾಫ್ಟ್‌ವೇರ್ ತಯಾರಿಸುವ ಕಂಪನಿಯದು. ಒರಾಕಲ್ ಪ್ರಿಮವೆರಾಕ್ಕೆ ಕೊಟ್ಟ ಪ್ರಮಾಣಪತ್ರದ ಹೆಸರಿನಲ್ಲೇ ‘ಇಂಪ್ಲಿಮೆಂಟೇಶನ್ ಸ್ಪೆಷಲಿಸ್ಟ್’ ಎಂದಿತ್ತು. ಸಂಸ್ಥೆಗಳಲ್ಲಿ ಆ ವ್ಯವಸ್ಥೆಯನ್ನು ಸ್ಥಾಪಿಸಿ ಹೊಂದಿಸಿಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು ಅದು. ಸೈಟಿನ ಪ್ಲಾನಿಂಗ್ ಎಂಜಿನಿಯರನನ್ನು ಕುರಿತದ್ದಲ್ಲ. ಮೈಕ್ರೋಸಾಫ್ಟ್ ತನ್ನ ಪ್ರಾಜೆಕ್ಟ್ 2013ಕ್ಕೆ 74-343 ಎಂಬ ಸಂಖ್ಯೆಯ ಪರೀಕ್ಷೆ ನಡೆಸಿ ಆಮೇಲೆ ನಿಲ್ಲಿಸಿತು. ಆವೃತ್ತಿ ಹೋದರೆ ಪರೀಕ್ಷೆಯೂ ಹೋಗುತ್ತದೆ, ಕಾಗದದ ಬಣ್ಣ ಉಳಿಯುತ್ತದೆ.

ಮೂರನೆಯದು ವೃತ್ತಿ ಸಂಸ್ಥೆಗಳದು. 1969ರಲ್ಲಿ ಹುಟ್ಟಿದ ಪಿಎಂಐ ಕೊಡುವ ಪಿಎಂಐ-ಎಸ್‌ಪಿ, 1956ರಲ್ಲಿ ಹುಟ್ಟಿದ ಎಎಸಿಇ ಕೊಡುವ ಪಿಎಸ್‌ಪಿ ಈ ಸಾಲಿನವು. ಇವು ಯಾವ ಸಾಫ್ಟ್‌ವೇರಿಗೂ ಕಟ್ಟುಬಿದ್ದಿಲ್ಲ. ಪರೀಕ್ಷೆಗೆ ಕೂರುವ ಮೊದಲು ಈ ಕೆಲಸದಲ್ಲಿ ವರ್ಷಗಳ ಅನುಭವ ತೋರಿಸಬೇಕು, ಪಾಸಾದ ಮೇಲೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಪಿಎಸ್‌ಪಿ ಪರೀಕ್ಷೆಯ ಒಂದು ಭಾಗ ನನಗೆ ಬಹಳ ಮೆಚ್ಚುಗೆಯಾದದ್ದು. ಒಂದು ಸಂದರ್ಭವನ್ನು ಕೊಟ್ಟು ಅದರ ಬಗ್ಗೆ ಮೇಲಧಿಕಾರಿಗೆ ಒಂದು ಟಿಪ್ಪಣಿ ಬರೆಯಲು ಹೇಳುತ್ತಾರೆ. ತಡ ಯಾಕಾಯಿತು, ಈಗ ಏನು ಮಾಡಬಹುದು ಎಂಬುದನ್ನು ಸಾಫ್ಟ್‌ವೇರ್ ತಿಳಿಯದ ಒಬ್ಬರಿಗೆ ನಾಲ್ಕು ಪ್ಯಾರಾದಲ್ಲಿ ತಿಳಿಸಬಲ್ಲವನೇ ಶೆಡ್ಯೂಲರ್ ಎಂದು ಆ ಸಂಸ್ಥೆ ನಂಬಿದಂತಿದೆ. ನನ್ನ ನಂಬಿಕೆಯೂ ಅದೇ.

ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವು. ಜೂನಿಯರ್, ಸೀನಿಯರ್ ಪರೀಕ್ಷೆಗಳಿದ್ದವು. ವೇಗ ಮತ್ತು ತಪ್ಪಿಲ್ಲದ ಬೆರಳು, ಇವೆರಡನ್ನೇ ಅಳೆದರು, ಕೆಲಸಕ್ಕೆ ಬೇಕಾದದ್ದೂ ಅದೇ. ಟೈಪಿಂಗ್ ಸೀನಿಯರ್ ಪಾಸಾದವನು ಅಮಲ್ದಾರರ ತೀರ್ಪನ್ನೂ ತಾನೇ ಬರೆಯುತ್ತಾನೆಂದು ಯಾರೂ ತಿಳಿಯಲಿಲ್ಲ. ಪ್ರಿಮವೆರಾ ಕೋರ್ಸು ಮುಗಿಸಿದ ಹುಡುಗನಿಂದ ಮಾತ್ರ ನಾವು ಇಡೀ ಯೋಜನೆಯ ತೀರ್ಪನ್ನೇ ನಿರೀಕ್ಷಿಸುತ್ತೇವೆ.

ಆದ್ದರಿಂದ ನನ್ನ ಸಲಹೆ ಹೀಗೆ. ಕೆಲಸಕ್ಕೆ ಸೇರುವ ಮೊದಲು ಸಾಫ್ಟ್‌ವೇರನ್ನು ಕಲಿಯಿರಿ, ಅಗ್ಗವಾಗಿ ಕಲಿಯಿರಿ. ಪ್ರಾಜೆಕ್ಟ್‌ಲಿಬ್ರೆ, ಗ್ಯಾಂಟ್‌ಪ್ರಾಜೆಕ್ಟ್ ಮುಂತಾದ ಉಚಿತ ಸಾಧನಗಳಲ್ಲೇ ಮೂಲ ಪಾಠವಷ್ಟೂ ಸಿಗುತ್ತದೆ. ಗಲ್ಫಿಗೆ ಹೋಗುವ ಮನಸ್ಸಿದ್ದರೆ ಪಿ6 ತಿಳಿದಿರಲೇಬೇಕು. ವೃತ್ತಿ ಸಂಸ್ಥೆಯ ಪ್ರಮಾಣಪತ್ರಕ್ಕೆ ಹಣ ಹಾಕುವುದು ನಾಲ್ಕಾರು ವರ್ಷ ಸೈಟಿನ ಧೂಳು ಕುಡಿದ ಮೇಲೆ.

5. ಕರಾರು ಏನು ಕೇಳುತ್ತದೆ

ಗಲ್ಫಿನ ಜಾಹೀರಾತುಗಳಲ್ಲಿ ‘ಪ್ರಿಮವೆರಾ ಕಡ್ಡಾಯ’ ಎಂದಿರುವುದಕ್ಕೆ ಕಾರಣ ಕರಾರಿನಲ್ಲಿದೆ. ಅಂತರರಾಷ್ಟ್ರೀಯ ಗುತ್ತಿಗೆಗಳಲ್ಲಿ ಬಳಕೆಯಲ್ಲಿರುವ ಫಿಡಿಕ್ ಕರಾರಿನ 1999ರ ಆವೃತ್ತಿಯ 8.3ನೇ ಷರತ್ತು, ಕೆಲಸ ಆರಂಭದ ನೋಟಿಸು ಬಂದ 28 ದಿನಗಳಲ್ಲಿ ಗುತ್ತಿಗೆದಾರ ವಿವರವಾದ ವೇಳಾಪಟ್ಟಿ ಸಲ್ಲಿಸಬೇಕು ಎನ್ನುತ್ತದೆ. 2017ರ ಆವೃತ್ತಿ ಇನ್ನೂ ಮುಂದೆ ಹೋಗಿ ಕೊಂಡಿಗಳು, ಫ್ಲೋಟ್, ಕ್ರಿಟಿಕಲ್ ಪಾತ್ ತೋರಿಸಬೇಕು, ಕರಾರಿನ ನಿರ್ದಿಷ್ಟ ವಿವರಗಳಲ್ಲಿ ಹೇಳಿದ ಸಾಫ್ಟ್‌ವೇರಿನಲ್ಲೇ ತಯಾರಿಸಬೇಕು ಎನ್ನುತ್ತದೆ. ಮುಂದೆ ತಡವಾದಾಗ ಹೆಚ್ಚುವರಿ ಅವಧಿ ಕೇಳಲು, ದಂಡ ತಪ್ಪಿಸಿಕೊಳ್ಳಲು, ಪಂಚಾಯ್ತಿಗೆ ಕೂರಲು ಆ ಫೈಲೇ ಸಾಕ್ಷ್ಯ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಪ್ರೋಟೊಕಾಲ್ ಆ ಸಾಕ್ಷ್ಯವನ್ನು ಓದುವ ಬಗೆ ಹೇಗೆಂದು ವಿವರಿಸುತ್ತದೆ. ಅಲ್ಲಿ ವೇಳಾಪಟ್ಟಿಗೆ ಬೆಲೆಯಿರುವುದು ಎದುರು ಪಕ್ಷದಲ್ಲಿ ಅದನ್ನು ಓದಿ ತಪ್ಪು ಹಿಡಿಯುವವನು ಕೂತಿರುವುದರಿಂದ.

ಕರ್ನಾಟಕದ ಕೆಡಬ್ಲ್ಯು-4 ಮಾದರಿ ಟೆಂಡರ್ ದಾಖಲೆಯಲ್ಲೂ ಗುತ್ತಿಗೆದಾರ ಕೆಲಸದ ಕ್ರಮ ಮತ್ತು ಕಾಲವನ್ನು ತೋರಿಸುವ ಪ್ರೋಗ್ರಾಂ ಕೊಡಬೇಕೆಂಬ ಷರತ್ತಿದೆ. ಕಾಗದದ ಮೇಲೆ ನಾವು ಹಿಂದುಳಿದಿಲ್ಲ. ಆಚರಣೆಯಲ್ಲಿ ಬಹಳ ಕಡೆ ಆ ಪ್ರೋಗ್ರಾಂ ಮೊದಲ ಬಿಲ್ಲಿನ ಜೊತೆ ಕಡತ ಸೇರುತ್ತದೆ, ಅವಧಿ ವಿಸ್ತರಣೆಯ ಅರ್ಜಿ ಬಂದಾಗ ಮತ್ತೆ ಹೊರಬರುತ್ತದೆ. ನಡುವಿನ ತಿಂಗಳುಗಳಲ್ಲಿ ಅದನ್ನು ತಿದ್ದಿದವರೂ ಇಲ್ಲ, ತೆರೆದವರೂ ಇಲ್ಲ. ಹೀಗಿರುವಾಗ ಗುತ್ತಿಗೆದಾರ ಒಳ್ಳೆಯ ಪ್ಲಾನಿಂಗ್ ಎಂಜಿನಿಯರನಿಗೆ ಸಂಬಳ ಕೊಡಲು ಯಾಕೆ ಮನಸ್ಸು ಮಾಡಿಯಾನು?

ದೊಡ್ಡ ಯೋಜನೆಗಳಲ್ಲಿ ಇದರ ಪರಿಣಾಮ ಊರಿಗೆಲ್ಲ ಕಾಣುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊ ಹಳದಿ ಮಾರ್ಗ ನೋಡಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್, 16 ನಿಲ್ದಾಣ. ಕಂಬ, ಹಳಿ, ನಿಲ್ದಾಣಗಳು ಎದ್ದು ನಿಂತ ಮೇಲೂ ಮಾರ್ಗ ತೆರೆಯಲಿಲ್ಲ, ಏಕೆಂದರೆ ಓಡಲು ರೈಲಿರಲಿಲ್ಲ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಗಿತ್ತು. ಇಲ್ಲೇ ತಯಾರಿಸಬೇಕೆಂಬ ಷರತ್ತು, ಗಡಿಯ ಬಿಕ್ಕಟ್ಟಿನ ನಂತರದ ವೀಸಾ ತೊಡಕು, ಆಮೇಲೆ ಪಾಲುದಾರ ಕಾರ್ಖಾನೆಯ ಸಿದ್ಧತೆ, ಹೀಗೆ ಒಂದಕ್ಕೊಂದು ಸೇರಿ ಮೊದಲ ರೈಲು ಬಂದದ್ದು 2024ರಲ್ಲಿ. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು ಸರದಿ. ವರ್ಷಗಟ್ಟಲೆ ಜನರೂ ಪತ್ರಿಕೆಗಳೂ ಕಂಬ ಎಷ್ಟು ಎದ್ದಿತು, ಶೇಕಡಾ ಎಷ್ಟು ಸಿವಿಲ್ ಕೆಲಸ ಮುಗಿಯಿತು ಎಂದೇ ಕೇಳುತ್ತಿದ್ದರು. ಉತ್ತರವೂ ಅದೇ ಶೇಕಡಾದಲ್ಲಿ ಬರುತ್ತಿತ್ತು. ಕ್ರಿಟಿಕಲ್ ಪಾತ್ ಕಂಬಗಳನ್ನು ಬಿಟ್ಟು ಕಾರ್ಖಾನೆಗೆ ಹೋಗಿತ್ತು. ಕೇಳಬೇಕಾಗಿದ್ದ ಪ್ರಶ್ನೆ, ‘ಕೊನೆಯ ದಿನವನ್ನು ಇವತ್ತು ಹಿಡಿದಿಟ್ಟಿರುವ ಕೆಲಸ ಯಾವುದು?’ ಎಂಬುದು.

ಕೇಂದ್ರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ 150 ಕೋಟಿ ರೂಪಾಯಿ ಮತ್ತು ಅದಕ್ಕೂ ಮೇಲಿನ ಯೋಜನೆಗಳ ಮೇಲೆ ನಿಗಾ ಇಡುತ್ತದೆ. ವಿಳಂಬಕ್ಕೆ ಅದರ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಕಾರಣಗಳು ಭೂಸ್ವಾಧೀನ, ಅರಣ್ಯ ಮತ್ತು ಪರಿಸರ ಅನುಮತಿ, ವಿದ್ಯುತ್ ಕಂಬ, ನೀರಿನ ಕೊಳವೆ ಮುಂತಾದವುಗಳ ಸ್ಥಳಾಂತರ. ಗುತ್ತಿಗೆದಾರ ಕೊಡುವ ಬಾರ್ ಚಾರ್ಟಿನಲ್ಲಿ ಈ ಕೆಲಸಗಳಿಗೆ ಸಾಲೇ ಇರುವುದಿಲ್ಲ, ಇದ್ದರೂ ‘ಮಾಲೀಕರಿಂದ’ ಎಂಬ ಒಂದೇ ಗೀಟು. ತಡ ಮಾಡುವ ಕೆಲಸವೇ ವೇಳಾಪಟ್ಟಿಯ ಹೊರಗಿದ್ದರೆ, ಒಳಗಿನ ಸಾವಿರ ಸಾಲುಗಳನ್ನು ಎಷ್ಟು ಚಂದವಾಗಿ ಜೋಡಿಸಿದರೂ ಫಲವಿಲ್ಲ. ಅವನ್ನು ಒಳಗೆ ತರಲು ಅಧಿಕಾರ ಇರುವವನು ಇಲಾಖೆಯ ಎಂಜಿನಿಯರು. ಅವನಿಗೆ ಈ ವಿದ್ಯೆಯ ತರಬೇತಿ ಸಿಕ್ಕಿರುವುದಿಲ್ಲ.

ನಮ್ಮಲ್ಲೇ ಬೇರೆ ಬಗೆಯ ಉದಾಹರಣೆಯೂ ಇದೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಕೊಂಕಣ ರೈಲು ಮಾರ್ಗವನ್ನು 1990ರಲ್ಲಿ ನಿಗಮ ಸ್ಥಾಪಿಸಿ ಕೈಗೆತ್ತಿಕೊಂಡು, 1998ರ ಜನವರಿ 26ರಂದು ಪೂರ್ತಿ ತೆರೆದರು. ಅದನ್ನು ನಡೆಸಿದ ಇ. ಶ್ರೀಧರನ್ ಮುಂದೆ ದೆಹಲಿ ಮೆಟ್ರೊ ಕಟ್ಟುವಾಗ ಉಳಿದಿರುವ ದಿನಗಳನ್ನು ಎಣಿಸುವ ಗಡಿಯಾರಗಳನ್ನು ಸೈಟುಗಳಲ್ಲಿ ತೂಗುಹಾಕಿಸಿದ್ದು ಎಲ್ಲರಿಗೂ ಗೊತ್ತು. ಕೆಲಸ ಆದದ್ದು ಗಡಿಯಾರದಿಂದಲ್ಲ. ಮೇಲಿನ ಕುರ್ಚಿಯಲ್ಲಿ ಕೂತವರು ವೇಳಾಪಟ್ಟಿಯನ್ನು ತಾವೇ ಓದುತ್ತಾರೆ ಎಂಬುದು ಕೆಳಗಿನವರಿಗೆಲ್ಲ ಗೊತ್ತಿದ್ದುದರಿಂದ.

6. ತರಬೇತಿ ಹೇಗಿರಬೇಕು

ನಮ್ಮ ಪಠ್ಯಕ್ರಮಗಳಲ್ಲಿ ಸಿಪಿಎಂ (ಕ್ರಿಟಿಕಲ್ ಪಾತ್ ವಿಧಾನ), ಪರ್ಟ್ ಇವೆ. ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಮನೆಯ ವೇಳಾಪಟ್ಟಿ ಮಾಡಿಸುವ ಅಭ್ಯಾಸವೂ ಇದೆ. ಎರಡರ ನಡುವೆ ಸೇತುವೆಯಿಲ್ಲ. ಪರೀಕ್ಷೆಯಲ್ಲಿ ಎ, ಬಿ, ಸಿ ಎಂಬ ಹೆಸರಿನ ಕೆಲಸಗಳಿಗೆ ದಿನಗಳನ್ನು ಪ್ರಶ್ನೆಪತ್ರಿಕೆಯೇ ಕೊಡುತ್ತದೆ. ನಿಜವಾದ ಕೆಲಸದಲ್ಲಿ ಕಷ್ಟವಾದದ್ದು ಆ ದಿನಗಳನ್ನು ಕೇಳಿ ತರುವುದು.

ಆದ್ದರಿಂದ ಮೊದಲ ಪಾಠ ಫೊಂಡಾಲ್ ತೋರಿಸಿದಂತೆ ಕಾಗದದಲ್ಲೇ ಆಗಲಿ. ನಲವತ್ತು ಐವತ್ತು ಕೆಲಸಗಳ ಜಾಲವನ್ನು ಕೈಯಲ್ಲಿ ಲೆಕ್ಕ ಹಾಕಿದವನಿಗೆ ಫ್ಲೋಟ್ ಎಂದರೇನು ಎಂಬುದು ಮರೆಯುವುದಿಲ್ಲ.

ಎರಡನೆಯ ಪಾಠ ಸೈಟಿನಲ್ಲಿ. ಮೇಸ್ತ್ರಿಯನ್ನು, ಬಾರ್ ಬೆಂಡರನ್ನು, ಸೆಂಟ್ರಿಂಗ್ ಗುಂಪಿನವರನ್ನು ಕೇಳಿ ಅವಧಿಗಳನ್ನು ಬರೆದು ತರಬೇಕು. ಇದು ಕನ್ನಡದಲ್ಲೇ ನಡೆಯುವ ಪಾಠ, ಕೆಲವೊಮ್ಮೆ ತೆಲುಗಿನಲ್ಲಿ, ಹಿಂದಿಯಲ್ಲಿ. ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ಎಂಬ ಅಮೆರಿಕದ ಸಂಶೋಧಕರು 1990ರ ದಶಕದಲ್ಲಿ ಸೈಟುಗಳ ವಾರದ ಕೆಲಸದ ಪಟ್ಟಿಗಳನ್ನು ಅಳೆದು ನೋಡಿದಾಗ, ಈ ವಾರ ಮುಗಿಸುತ್ತೇವೆ ಎಂದದ್ದರಲ್ಲಿ ಮುಗಿಯುತ್ತಿದ್ದದ್ದು ಸುಮಾರು ಅರ್ಧ. ಕೆಲಸ ಮಾಡುವ ಗುಂಪಿನ ಮುಖಂಡನೇ ಮಾತು ಕೊಡುವ, ಮಾತು ತಪ್ಪಿದರೆ ಕಾರಣ ಬರೆದಿಡುವ ಪದ್ಧತಿಯನ್ನು ಅವರು ರೂಪಿಸಿದರು. ಅದಕ್ಕೆ ಬೇಕಾದದ್ದು ಒಂದು ಗೋಡೆ, ಬಣ್ಣದ ಚೀಟಿಗಳು ಮತ್ತು ವಾರಕ್ಕೊಮ್ಮೆ ಎಲ್ಲರೂ ಎದುರುಬದುರು ನಿಲ್ಲುವ ಅರ್ಧ ಗಂಟೆ.

ಮೂರನೆಯದು ಸಾಫ್ಟ್‌ವೇರ್. ಇಲ್ಲಿ ಹೊಸ ವೇಳಾಪಟ್ಟಿ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ತಿಂಗಳ ಪರಿಷ್ಕರಣೆಗೆ ಕೊಡಬೇಕು. ಬೇಸ್‌ಲೈನ್ ಎಂಬ ಮೊದಲ ವೇಳಾಪಟ್ಟಿಯನ್ನು ಕಟ್ಟುವುದು ಒಂದು ಸಲದ ಕೆಲಸ, ಅಪ್‌ಡೇಟ್ ಯೋಜನೆ ಮುಗಿಯುವವರೆಗಿನದು. ಬೇಕೆಂದೇ ಕೆಡಿಸಿದ ಫೈಲುಗಳನ್ನು ಕೊಟ್ಟು ತಪ್ಪು ಹುಡುಕಿಸಬೇಕು.

ಕೊನೆಯದು ಪರೀಕ್ಷೆ. ಬಹು ಆಯ್ಕೆಯ ಪ್ರಶ್ನೆಗಳು ಒಂದು ಪಾಲು ಇರಲಿ. ಉಳಿದದ್ದಕ್ಕೆ ವಿದ್ಯಾರ್ಥಿ ತಾನು ಮಾಡಿದ ಫೈಲನ್ನು ತೆರೆದಿಟ್ಟು, ಕಟ್ಟಿ ಅನುಭವವಿರುವ ಇಬ್ಬರ ಮುಂದೆ ಸಮರ್ಥಿಸಿಕೊಳ್ಳಲಿ. ಈ ಕೊಂಡಿ ಯಾಕೆ, ಈ 21 ದಿನ ಎಲ್ಲಿಂದ ಬಂತು, ಮಳೆ ಎಲ್ಲಿದೆ ಎಂದು ಅವರು ಕೇಳಲಿ. ಆಮೇಲೆ ಒಂದು ವಿಳಂಬದ ಕುರಿತು ಒಂದು ಪುಟದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಲಿ. ಜಿಲ್ಲಾ ಪಂಚಾಯಿತಿಯ ಸದಸ್ಯರಿಗೂ ಊರಿನ ಜನಕ್ಕೂ ಅರ್ಥವಾಗಬೇಕಾದದ್ದು ಆ ಪುಟ.

ಇನ್ನು ನನ್ನ ಮುಖ್ಯ ಬೇಡಿಕೆ ಈ ಸಭೆಯಲ್ಲಿರುವ ಹಿರಿಯ ಎಂಜಿನಿಯರುಗಳಿಗೆ. ಇದೇ ವಿದ್ಯೆಯ ಚಿಕ್ಕದೊಂದು ತರಗತಿಯನ್ನು ಇಲಾಖೆಯ ಎಂಜಿನಿಯರುಗಳಿಗೆ ಏರ್ಪಡಿಸಿ. ಅವರು ಸಾಫ್ಟ್‌ವೇರ್ ನಡೆಸುವುದು ಬೇಕಿಲ್ಲ. ಅವರು ಕೇಳಬೇಕಾದದ್ದು ನಾಲ್ಕು ಪ್ರಶ್ನೆ: ಫೈಲಿನ ಮೂಲ ಪ್ರತಿ ಕೊಟ್ಟಿದ್ದೀರಾ, ಪ್ರಿಂಟು ಮಾತ್ರವೇ? ಡೇಟಾ ಡೇಟ್ ಯಾವುದು? ಕೊನೆಯ ದಿನವನ್ನು ಹಿಡಿದಿರುವ ಸಾಲು ಯಾವುದು, ಹೋದ ತಿಂಗಳು ಯಾವುದಿತ್ತು? ಭೂಮಿ, ಅನುಮತಿ, ಸ್ಥಳಾಂತರದ ಕೆಲಸಗಳು ಒಳಗಿವೆಯೇ? ಪ್ರತಿ ತಿಂಗಳ ಬಿಲ್ಲಿನ ಜೊತೆ ಈ ನಾಲ್ಕಕ್ಕೂ ಉತ್ತರ ಕೇಳಿದರೆ, ಗುತ್ತಿಗೆದಾರರು ಒಳ್ಳೆಯ ಪ್ಲಾನಿಂಗ್ ಎಂಜಿನಿಯರನನ್ನು ತಾವೇ ಹುಡುಕಿಕೊಂಡು ಬರುತ್ತಾರೆ. ತರಬೇತಿ ಕೇಂದ್ರಗಳೂ ಆಗ ಕೀಲಿ ಬಿಟ್ಟು ಕೆಲಸ ಕಲಿಸುತ್ತವೆ, ಇಲ್ಲದಿದ್ದರೆ ಅವರ ಹುಡುಗರಿಗೆ ನೌಕರಿ ಸಿಗುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರದ ಜೊತೆ ನೀವೇ ಮಾಡಿದ ಒಂದು ವೇಳಾಪಟ್ಟಿಯ ಫೈಲನ್ನೂ ಒಯ್ಯಿರಿ. ನಿಮ್ಮೂರಿನ ಶಾಲಾ ಕೊಠಡಿಯದಾದರೂ ಸರಿ, ಆರು ತಿಂಗಳು ಹೋಗಿ ನೋಡಿ, ತಿಂಗಳಿಗೊಮ್ಮೆ ತಿದ್ದಿದ ಫೈಲು. ಎದುರಿಗೆ ಕೂತವರು ಅದನ್ನು ತೆರೆದು ಪ್ರಶ್ನೆ ಕೇಳಿದರೆ ಆ ಕಂಪನಿಯಲ್ಲಿ ಸೇರಿಕೊಳ್ಳಿ. ಪ್ರಮಾಣಪತ್ರವನ್ನಷ್ಟೇ ನೋಡಿ ಪಕ್ಕಕ್ಕಿಟ್ಟರೆ ಇನ್ನೊಂದು ಕಂಪನಿ ನೋಡಿಕೊಳ್ಳಿ.